ತೊಳೆದ ಕಾಲನ್ನೇ ತೊಳೆಸಿಕೊಂಡವರು

ದೀನತೆಯಿಲ್ಲದ ಕ್ರೈಸ್ತನ ಬಾಳು ವ್ಯರ್ಥ. ಆದರೆ ದೀನತೆಗೆ ಕೂರುವ ಮೊದಲು ಹಿಮ್ಮಡಿ ಉಜ್ಜಿಕೊಂಡಿರಬೇಕೆಂಬುದು ಹಿರಿಯೂರು ಕಡೆಯ ನಮ್ಮ ಚರ್ಚಿನ ನಂಬಿಕೆ. ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರ ಫಾದರ್ ಊರಿನ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಒಂದು ವರ್ಷ ಬೆಂಚಿನ ಮೇಲೆ ಕುಳಿತ ಹನ್ನೊಂದು ಜನರ ಪಾದಗಳು ಮನೆಯಲ್ಲೇ ಸೋಪು ಕಂಡು ಘಮಘಮಿಸುತ್ತಿದ್ದವು. ನನ್ನವಕ್ಕೆ ಹೆಂಡತಿ ಕೊಬ್ಬರಿ ಎಣ್ಣೆಯನ್ನೂ ಸವರಿದ್ದಳು. ಹನ್ನೆರಡನೆಯವನಾದ ಇನ್ನಾಸಪ್ಪ ಈರುಳ್ಳಿ ಹೊಲಕ್ಕೆ ನೀರು ಕಟ್ಟಿ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ನೇರ ಬಂದು ಕುಳಿತ.

ಚರ್ಚಿನ ಹಿರಿಯರಾದ ಚೌರಪ್ಪನವರು ಬಗ್ಗಿ ಪಿಸುಗುಟ್ಟಿದರು: “ಲೇ, ಮಾನ ಐತೇನಲೇ? ತೊಳ್ಕಂಡು ಬಾ. ಇಲ್ಲಾಂದ್ರೆ ಎದ್ದೇಳು, ಬೇರೆಯವ್ರನ್ನ ಕೂರಿಸ್ತೀನಿ.”

ಇನ್ನಾಸಪ್ಪ ಕದಲಲಿಲ್ಲ. “ಕಾಲು ತೊಳೀತೀವಿ ಬಾರಪ್ಪ ಅಂತ ಕರೆದೋರು ನೀವೇ ಅಲ್ವೇನ್ರಿ? ನಾನೇ ತೊಳ್ಕಂಡ್ ಬಂದ್ರೆ ಫಾದರ್‌ಗೆ ಏನ್ ಕೆಲಸ ಐತೆ?”

ಅಷ್ಟರಲ್ಲಿ ಫಾದರ್ ಬಂದೇಬಿಟ್ಟರು. ನಮ್ಮ ಹನ್ನೊಂದು ಜನರ ಕಾಲು ಒಂದೇ ಚೊಂಬಿನಲ್ಲಿ ಮುಗಿಯಿತು. ಇನ್ನಾಸಪ್ಪನ ಮುಂದೆ ಮಂಡಿಯೂರಿದವರು ಏಳುವಷ್ಟರಲ್ಲಿ ಎರಡು ಬಕೆಟ್ ನೀರು ಕಪ್ಪಾಗಿ, ಹಾಡುವವರು ಅದೇ ಕೀರ್ತನೆಯನ್ನು ಮತ್ತೆ ಮತ್ತೆ ಹಾಡಿ ಸುಸ್ತಾಗಿದ್ದರು. “ಇಷ್ಟು ವರ್ಷಕ್ಕೆ ಇವತ್ತು ಕಾಲು ತೊಳೆದಂಗಾಯ್ತು ನೋಡಪ್ಪ,” ಎಂದು ಫಾದರ್ ಸೊಂಟ ಹಿಡಿದುಕೊಂಡೇ ನಕ್ಕರು.

ಮರುವರ್ಷ ನಾವು ಹನ್ನೊಂದು ಜನ ಚರ್ಚಿನ ಅಂಗಳದ ಮಣ್ಣನ್ನು ಕಾಲಿಗೆ ಮೆತ್ತಿಕೊಂಡು, ಒಬ್ಬರಿಗಿಂತ ಒಬ್ಬರು ದೀನರಾಗಿ ಕುಳಿತೆವು. ಫಾದರ್‌ಗೆ ಸೊಂಟನೋವೆಂದು ಇನ್ನಾಸಪ್ಪ ಮಾತ್ರ ಕಾಲು ತೊಳೆದುಕೊಂಡು ಬಂದಿದ್ದ.