ಆರನೇ ನಂಬರಿನ ನಿವೃತ್ತಿ

ನಮ್ಮೂರಿನ ವಾಲಿಬಾಲ್ ತಂಡದಲ್ಲಿ ನಾನು ಹನ್ನೊಂದು ವರ್ಷ ಇದ್ದೆ. ಇದರಲ್ಲಿ ಸುಳ್ಳೇನೂ ಇಲ್ಲ. ಅಷ್ಟೂ ವರ್ಷ ಕೋರ್ಟಿನ ಹೊರಗೆ ಕೂತು ಸ್ಕೋರು ಬರೆದೆ ಎಂಬುದನ್ನು ಮಾತ್ರ ಯಾರಾದರೂ ಒತ್ತಾಯ ಮಾಡಿ ಕೇಳಿದರೆ ಹೇಳುತ್ತೇನೆ. ನನ್ನ ಜೆರ್ಸಿಯ ನಂಬರು ಹನ್ನೆರಡು. ಅದನ್ನು ಬೇರೆ ಯಾರಿಗೂ ಕೊಡಬಾರದು ಎಂದು ಈವರೆಗೆ ಯಾರೂ ಹಟ ಹಿಡಿದಿಲ್ಲ. ಕೆಲಸವನ್ನೇ ಮಾಡದ ನಂಬರಿಗೆ ನಿವೃತ್ತಿ ಎಲ್ಲಿಂದ ಬರಬೇಕು?

ಆ ಮಾತು ಎದ್ದದ್ದು ಆರನೇ ನಂಬರಿನ ಬಗ್ಗೆ, ಅಂದರೆ ಮುನಿರಾಜುವಿನ ಬಗ್ಗೆ. ಆಂಧ್ರದ ಗಡಿಯಲ್ಲಿರುವ ನಂಗಲಿಯ ಪಕ್ಕದ ನಮ್ಮೂರಿಗೆ ಅವನು ಇಪ್ಪತ್ತಮೂರು ವರ್ಷ ಲಿಫ್ಟರ್ ಆಗಿದ್ದ. ನೆಟ್ಟಿನ ಪಕ್ಕ ನಿಂತು ಚೆಂಡನ್ನು ಮೆತ್ತಗೆ ಮೇಲೆತ್ತಿ ಕೊಡುವುದು ಲಿಫ್ಟರ್ ಕೆಲಸ. ಹೊಡೆಯುವವನು ಇನ್ನೊಬ್ಬ, ಚಪ್ಪಾಳೆಯೂ ಅವನಿಗೇ. ಮದುವೆಯಲ್ಲಿ ಉಂಡವರು ಯಜಮಾನರಿಗೆ ಕೈ ಮುಗಿದು ಹೋಗುತ್ತಾರೆಯೇ ಹೊರತು ಅಡುಗೆಯವನನ್ನು ಹುಡುಕಿಕೊಂಡು ಹೋಗುವುದಿಲ್ಲವಲ್ಲ, ಹಾಗೆ. ಸಂಜೆ ಎಲ್ಲರಿಗಿಂತ ಮೊದಲು ಬಂದು ಸುಣ್ಣದ ಗೆರೆ ಎಳೆಯುತ್ತಿದ್ದವನೂ ಹರಿದ ನೆಟ್ಟಿಗೆ ಗಂಟು ಹಾಕುತ್ತಿದ್ದವನೂ ಅವನೇ. ಹೈವೇಯ ಲಾರಿಗಳು ಎಬ್ಬಿಸಿದ ಧೂಳು ಇಳಿಬಿಸಿಲಿನಲ್ಲಿ ಕೆಂಪಾಗಿ ತೇಲುತ್ತಿತ್ತು. ನಾವು ಅದನ್ನೇ ಉಸಿರಾಡಿಕೊಂಡು ಕತ್ತಲಾಗಿ ಚೆಂಡು ಕಾಣದಾಗುವವರೆಗೆ ಅಲ್ಲೇ ಇರುತ್ತಿದ್ದೆವು.

ಹೋದ ವರ್ಷ ಮುನಿರಾಜುವಿನ ಮಂಡಿ ಕೈಕೊಟ್ಟಿತು. ಇನ್ನು ನೆಗೆಯಬೇಡ ಎಂದರು ಡಾಕ್ಟರು. ಅವನು ಜೆರ್ಸಿಯನ್ನು ಒಗೆದು, ಇಸ್ತ್ರಿ ಮಾಡಿಸಿ, ಈಗಿನ ಕ್ಯಾಪ್ಟನ್ ನವೀನನ ಕೈಗೆ ಒಪ್ಪಿಸಿಬಿಟ್ಟ.

ನವೀನ ಫೋನಿನಲ್ಲಿ ಜಗತ್ತನ್ನೆಲ್ಲ ನೋಡುವವನು. ಅಮೆರಿಕದಲ್ಲಿ ಬೇಸ್‌ಬಾಲಿನ ದೊಡ್ಡ ಆಟಗಾರ ಆಟ ಬಿಟ್ಟರೆ ಅವನ ನಂಬರನ್ನು ಮತ್ತೊಬ್ಬರಿಗೆ ಕೊಡುವುದಿಲ್ಲವಂತೆ, ಆರನ್ನೂ ಹಾಗೇ ಮಾಡೋಣ ಎಂದ. ನನಗೆ ಇದು ವಿಚಿತ್ರವಾಗಿ ಕಂಡಿತು. ನಾವು ಗೌರವ ತೋರಿಸುವುದೇ ತಿರುಗಾಮುರುಗಾ. ತಾತ ದೊಡ್ಡ ಮನುಷ್ಯನಾಗಿದ್ದರೆ ಅವನ ಹೆಸರನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದಿಲ್ಲ, ಮೊಮ್ಮಗನಿಗೆ ಇಡುತ್ತೇವೆ. ಹಾಗಾಗಿಯೇ ನಮ್ಮೂರಿನಲ್ಲಿ 'ಮುನಿರಾಜು' ಎಂದು ಕೂಗಿದರೆ ನಾಲ್ಕು ಮನೆಯ ಬಾಗಿಲು ತೆರೆಯುತ್ತವೆ.

ಅಂತೂ ಒಂದು ಭಾನುವಾರ ಶಾಲೆಯ ವರಾಂಡದಲ್ಲಿ ಸಭೆ ಸೇರಿತು. ಮೊದಲು ವಿರೋಧಿಸಿದವನು ಸೀನ, ಹಳೆಯ ಕ್ಯಾಪ್ಟನ್. ಒಂದು ಕಾಲಕ್ಕೆ ಅವನು ಹೊಡೆದ ಚೆಂಡು ಎದುರಿನವರ ಕೈಗೆ ಸಿಕ್ಕುತ್ತಿರಲಿಲ್ಲ. ಎತ್ತಿಕೊಟ್ಟವನಿಗೆಲ್ಲ ಇಷ್ಟು ಮರ್ಯಾದೆ ಯಾಕೆ, ಕೊಡುವುದಾದರೆ ಹೊಡೆದವನಿಗೆ ಕೊಡಲಿ ಎಂಬುದು ಅವನ ವಾದ. ಆಗ ನವೀನ ತನ್ನ ಬ್ರಹ್ಮಾಸ್ತ್ರ ತೆಗೆದ. ಮುಳಬಾಗಿಲಿನ ಒಂದು ಟೂರ್ನಮೆಂಟಿನಲ್ಲಿ ಕೊಟ್ಟ 'ಬೆಸ್ಟ್ ಪ್ಲೇಯರ್' ಕಪ್ಪು, ಅದರ ಮೇಲೆ ಮುನಿರಾಜುವಿನ ಹೆಸರು. ನಮ್ಮೂರಿಗೆ ಅಂಥ ಕಪ್ಪು ತಂದವರು ಇನ್ನೊಬ್ಬರಿದ್ದರೆ ತೋರಿಸಿ ಎಂದ.

ನನಗೆ ಬೆವರು ಕಿತ್ತುಕೊಂಡಿತು. ಯಾಕೆಂದರೆ ಆ ದಿನದ ಸ್ಕೋರು ಹಾಳೆ ನನ್ನದೇ ಅಕ್ಷರ.

ನಮ್ಮ ಕಡೆ ಟೂರ್ನಮೆಂಟುಗಳಲ್ಲಿ ಊರಿನವರೇ ಆಡಬೇಕೆಂಬ ನಿಯಮ ಇರುತ್ತದೆ. ಅದನ್ನು ಮುರಿಯುವ ಪದ್ಧತಿಯೂ ಇರುತ್ತದೆ. ಆಂಧ್ರದ ಕಡೆಯಿಂದ ಒಬ್ಬ ಗಟ್ಟಿ ಆಟಗಾರನನ್ನು ಕರೆತಂದು, ನಮ್ಮವನೊಬ್ಬನ ಜೆರ್ಸಿ ತೊಡಿಸಿ, ಅವನ ಹೆಸರಿನಲ್ಲೇ ಆಡಿಸುವುದು. ಇತ್ತ ಕಡೆಯವರಿಗೂ ತೆಲುಗು ಬರುತ್ತದಾದ್ದರಿಂದ ಮಾತಿನಲ್ಲಿ ಯಾರೂ ಸಿಕ್ಕಿಬೀಳುವುದಿಲ್ಲ. ಅವತ್ತು ಮುನಿರಾಜುವಿಗೆ ಸುಡುವ ಜ್ವರ. ಅವನ ಆರನೇ ನಂಬರಿನಲ್ಲಿ ಅಂಥ ಅತಿಥಿಯೊಬ್ಬ ಆಡಿದ. ನಮ್ಮ ತಪ್ಪೆಂದರೆ ಅವನು ವಿಪರೀತ ಚೆನ್ನಾಗಿ ಆಡಿಬಿಟ್ಟ. ಮೈಕಿನವನು ಮುನಿರಾಜು ಮುನಿರಾಜು ಎಂದು ಗಂಟಲು ಹರಿದುಕೊಂಡ. ಬಹುಮಾನದ ಹೊತ್ತಿಗೆ ಅತಿಥಿ ಜೆರ್ಸಿ ಬಿಚ್ಚಿಕೊಟ್ಟು ತನ್ನೂರಿನ ಬಸ್ಸು ಹತ್ತಿ ಹೋಗಿದ್ದ. ಕೋರ್ಟಿನ ಪಕ್ಕದಲ್ಲೇ ಮುದುಡಿ ನಡುಗುತ್ತಿದ್ದ ಮುನಿರಾಜುವಿನ ಕಂಬಳಿ ಕಿತ್ತುಕೊಂಡು, ಜೆರ್ಸಿ ತೊಡಿಸಿ, ನಾವೇ ವೇದಿಕೆಗೆ ತಳ್ಳಿದೆವು. ಇದು ಗೊತ್ತಿದ್ದವರಲ್ಲಿ ಸಭೆಯಲ್ಲಿದ್ದವರು ಮೂವರೇ: ಮುನಿರಾಜು, ನಾನು, ಅತಿಥಿಯನ್ನು ಕರೆತಂದ ಸೀನ. ಸೀನ ಆಗಲೇ ನೆಲ ನೋಡುತ್ತಿದ್ದ. ಮುನಿರಾಜು ಸುಮ್ಮನೆ ಕೂತಿದ್ದರೆ ಸಾಕಿತ್ತು, ಆರು ಅವನದಾಗುತ್ತಿತ್ತು.

ಅವನು ಮಂಡಿ ಹಿಡಿದುಕೊಂಡು ಎದ್ದ.

"ಆ ಕಪ್ಪು ನಂದಲ್ಲ ಕಣೋ ನವೀನ. ನಂಗವತ್ತು ಜ್ವರ. ಆಂಧ್ರದ ಹುಡುಗ ನನ್ನ ಹೆಸ್ರಲ್ಲಿ ಆಡ್ದ. ಸ್ಟೇಜ್ ಹತ್ತಿ ಇಸ್ಕೊಂಡಿದ್ದು ಮಾತ್ರ ನಾನು. ಹನ್ನೆರಡು ವರ್ಷದಿಂದ ಅದನ್ನ ಮಂಚದ ಕೆಳಗೆ ಇಟ್ಟಿದ್ದೆ, ಯಾರು ತಂದ್ರೋ ಗೊತ್ತಿಲ್ಲ."

ಪಾಪ ನವೀನ, ಕಪ್ಪನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಒತ್ತಿಕೊಂಡು ನಿಂತಿದ್ದ. ಕೊನೆಗೆ ಬಾಯಿ ಬಿಟ್ಟವನು ಸೀನ.

"ಕರ್ಕೊಂಡ್ ಬಂದಿದ್ದು ನಾನು. ಇಷ್ಟ್ ವರ್ಷ ಇವನು ಎತ್ತಿಕೊಟ್ಟಿದ್ದನ್ನ ಹೊಡ್ದು ಹೆಸ್ರು ತಗೊಂಡಿದ್ದೂ ನಾನೇ. ಆರು ಇನ್ಯಾರಿಗೂ ಕೊಡ್ಬೇಡ್ರಪ್ಪ."

ಹೀಗೆ, ಕಪ್ಪಿಲ್ಲದ್ದಕ್ಕೇ ನಂಬರು ಸಿಕ್ಕಿತು. ಆ ಸುಳ್ಳು ಹಾಳೆ ಬರೆದವನು ನಾನು ಎಂದು ನಾನೂ ಎದ್ದು ಒಪ್ಪಿಕೊಂಡೆ. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ನವೀನನ ಉತ್ಸಾಹ ಅಲ್ಲಿಗೆ ನಿಲ್ಲಲಿಲ್ಲ. ಮುಳಬಾಗಿಲಿನಲ್ಲಿ ಜೆರ್ಸಿಗೆ ಗಾಜಿನ ಫ್ರೇಮು ಹಾಕಿಸಿ, ಚೆಂದ ಕಾಣಲೆಂದು ಗಂಧದ ಹಾರ ತೊಡಿಸಿ, ಕೆಂಪು ಬಲ್ಬು ಹಚ್ಚಿ, ಬಸ್‌ಸ್ಟಾಪಿನ ಎದುರಿನ ತಂಡದ ಕೋಣೆಯಲ್ಲಿ ತೂಗುಹಾಕಿದ. ಕೆಳಗೆ ದಪ್ಪಕ್ಷರದಲ್ಲಿ ಮುನಿರಾಜುವಿನ ಹೆಸರು. ಮಾರನೆಯ ದಿನ ತಮ್ಮನನ್ನು ನೋಡಲು ಬಂದ ಮುನಿರಾಜುವಿನ ಅಕ್ಕ ಬಸ್ಸಿಳಿದವಳೇ ಅದನ್ನು ನೋಡಿ, ಅತ್ತುಕೊಂಡು ಮನೆಗೆ ಓಡಿದಳು. ಮುನಿರಾಜು ಮುದ್ದೆ ಮುರಿಯುತ್ತಾ ಕೂತಿದ್ದ.

ಊಟ ಮುಗಿಸಿ ನೆಟ್ಟಗೆ ಕೋಣೆಗೆ ಬಂದವನೇ ಫ್ರೇಮು ಬಿಚ್ಚಿ ಜೆರ್ಸಿ ತೊಟ್ಟುಕೊಂಡ. ಆಡುವವರು ಯಾರೂ ಇದನ್ನು ಹಾಕಬಾರದು ತಾನೆ, ನಾನು ಆಡುವುದಿಲ್ಲವಲ್ಲ ಎಂದ. ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು.

ಈಗ ಗೋಡೆಯ ಮೇಲೆ ಖಾಲಿ ಫ್ರೇಮಿದೆ. ಆರನೇ ನಂಬರು ದಿನಾ ಬೆಳಗ್ಗೆ ಟೊಮೇಟೊ ಕ್ರೇಟು ಹೊತ್ತುಕೊಂಡು, ಸ್ವಲ್ಪ ಕುಂಟುತ್ತಾ ನಮ್ಮ ಮನೆ ಮುಂದೆ ಹೋಗುತ್ತದೆ, ಕೂಗಿದರೆ ತಿರುಗಿ ನೋಡಿ ನಗುತ್ತದೆ.