ಹಸಿ ಕಟ್ಟಿಗೆಯ ಚೌಕಟ್ಟು

ನನ್ನ ತಮ್ಮನ ಪರವಾಗಿ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ಅದನ್ನು ಹೇಳಲಿಲ್ಲ. ಸೊಲ್ಲಾಪುರದಲ್ಲಿ ನಮ್ಮ ಹೊಸ ಮನೆಗೆ ತಲೆಬಾಗಿಲ ಚೌಕಟ್ಟು ನಿಲ್ಲಿಸುವ ಹಿಂದಿನ ದಿನ, ನೆಂಟರೆಲ್ಲ ಕೂಡಿದ್ದಾಗ, ಅವನು ನನ್ನನ್ನು ನೇರವಾಗಿ ಕೇಳಿದ. ನನಗೆ ತಿಳಿಯುವುದಿಲ್ಲ ಎಂದುಬಿಟ್ಟೆ.

ತಿಳಿಯುತ್ತಿತ್ತು. ನಾನು ಅಕ್ಕಲಕೋಟದ ಬಡಿಗನ ಮಗಳು. ಮರಾಠಿ ಸಾಲೆಯಲ್ಲಿ ಎರಡು ಇಯತ್ತೆ ಓದಿದ್ದೇ ನನ್ನ ವಿದ್ಯೆ. ಕನ್ನಡ ಅಕ್ಷರ ಅಪ್ಪ ಹಲಗೆಯ ಮೇಲೆ ಸೀಸದ ಕಡ್ಡಿಯಿಂದ ಬರೆದು ಕಲಿಸಿದ್ದು. ಆದರೆ ಕಟ್ಟಿಗೆಯ ವಿದ್ಯೆ ನನಗೆ ಕಡಿಮೆ ಇರಲಿಲ್ಲ. ಅಪ್ಪನಿಗೆ ಎದೆನೋವು ಹತ್ತಿದ ಮೇಲೆ ದೊಡ್ಡ ಗರಗಸದ ಒಂದು ತುದಿ ತಮ್ಮನ ಕೈಗೆ, ಇನ್ನೊಂದು ತುದಿ ನನ್ನ ಕೈಗೆ ಬಂತು. ಅವನು ದಿಮ್ಮಿಯ ಮೇಲೆ ನಿಲ್ಲುತ್ತಿದ್ದ, ನಾನು ಕೆಳಗೆ. ಗರಗಸದ ಹೊಟ್ಟು ಪೂರ್ತಿ ನನ್ನ ಮುಖದ ಮೇಲೆ. ಒಣಗಿದ ಮರದ ಹೊಟ್ಟು ಹಾರಿಹೋಗುತ್ತದೆ, ಹಸಿ ಮರದ್ದು ಅಂಗೈಗೆ ಅಂಟಿಕೊಳ್ಳುತ್ತದೆ. ಕೊಯ್ದ ಹಲಗೆಯ ತುದಿ ಎತ್ತಿದರೆ ಸಾಕು, ಒಳಗೆ ನೀರು ಇದೆಯೋ ಇಲ್ಲವೋ ನನಗೆ ಗೊತ್ತಾಗುತ್ತಿತ್ತು.

ನನ್ನ ಮದುವೆಗೆ ಮುಂಚಿನ ವರ್ಷ ಹಿತ್ತಲ ಬೇವಿನ ಮರ ಗಾಳಿಗೆ ಬಿತ್ತು. ನಾವಿಬ್ಬರೇ ಕೊಯ್ದೆವು. ತಮ್ಮ ಆ ತುಂಡುಗಳನ್ನು ಒಂದು ಮಳೆಗಾಲ ಬಾವಿಯ ನೀರಿನಲ್ಲಿ ಬಿಟ್ಟ. ಆಮೇಲೆ ತೆಗೆದು ನಾಲ್ಕು ಬೇಸಿಗೆ ನೆರಳಲ್ಲಿ ಒಣಗಿಸಿದ. ಯಾರು ಕೇಳಿದರೂ ಕೊಡಲಿಲ್ಲ. "ಇದು ಅಕ್ಕನ ಮನಿ ಬಾಗಲಕ್ಕ" ಎನ್ನುತ್ತಿದ್ದ.

ನನ್ನ ಗಂಡನ ಮನೆಯವರೂ ನಮ್ಮ ಕುಲದವರೇ. ಆದರೆ ನಮ್ಮ ಮನೆಯವರು, ಎಂದರೆ ನನ್ನ ಗಂಡ, ಉಳಿ, ಬಾಚಿ ಬಿಟ್ಟು ಸೊಲ್ಲಾಪುರದ ಒಂದು ಕಟ್ಟಿಗೆ ಮಿಲ್ಲಿನಲ್ಲಿ ಕರೆಂಟಿನ ಗರಗಸ ನಡೆಸುತ್ತಿದ್ದರು. ನಾನೂ ತಮ್ಮನೂ ಒಂದು ದಿನ ಪೂರ್ತಿ ಎಳೆಯುತ್ತಿದ್ದ ದಿಮ್ಮಿಯನ್ನು ಅವರು ಒಂದು ಬೀಡಿ ಸೇದುವಷ್ಟರಲ್ಲಿ ಸೀಳುತ್ತಿದ್ದರು. "ಇನ್ನ ಹತ್ತ ವರ್ಷ ಹೋಗಲಿ, ಬಡಿಗ್ಯಾರನ್ನ ಹುಡುಕಿದ್ರೂ ಸಿಗಂಗಿಲ್ಲ" ಎಂದು ಅವರು ಹೇಳಿದಾಗ ನನಗೆ ಬೇಸರವಾಗುತ್ತಿರಲಿಲ್ಲ. ಮಶೀನಿನವನ ಹೆಂಡತಿ ಎನ್ನಿಸಿಕೊಳ್ಳುವುದು ನನಗೆ ಇಷ್ಟವಿತ್ತು. ಅತ್ತೆ ಆಗಾಗ "ಗರಗಸಾ ಎಳಿಯೋ ಸೊಸಿ" ಎಂದು ಚುಚ್ಚುತ್ತಿದ್ದರು. ಅಂಗೈಯ ದಡ್ಡುಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವುದನ್ನು ಕಲಿತಿದ್ದೆ.

ಅಕ್ಕಲಕೋಟದಲ್ಲಿ ಮಾತ್ರ ತಮ್ಮನ ಕೆಲಸ ಇಳಿಯುತ್ತಾ ಬಂದಿತ್ತು. ಮನೆ ಕಟ್ಟುವವರು ಸೊಲ್ಲಾಪುರಕ್ಕೆ ಹೋಗಿ ಸಿದ್ಧ ಬಾಗಿಲು ತರುತ್ತಿದ್ದರು. ಪಂಚಮಿಗೆ ತವರಿಗೆ ಹೋದಾಗ ಅವನು ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದ್ದ. ನಮ್ಮ ಚೌಕಟ್ಟು ನಿಲ್ಲಿಸುವ ದಿನ ಸೊಲ್ಲಾಪುರದ ಕುಲಬಾಂಧವರು, ಮನೆ ಕಟ್ಟಿಸುವ ನಾಲ್ಕು ಮಂದಿ ಬರುತ್ತಾರೆ. ಅಲ್ಲಿ ತನ್ನ ಕೆಲಸ ಕಂಡರೆ ಆ ಊರಿನಲ್ಲಿ ಕಾಲೂರಬಹುದು. ಬಡಿಗನಾಗಿ ಉಳಿಯಲು ಅವನಿಗೆ ಕಂಡಿದ್ದ ದಾರಿ ಅದೊಂದೇ. ಇದು ನನಗೆ ಗೊತ್ತಿತ್ತು.

ನಿಲ್ಲಿಸುವ ಹಿಂದಿನ ದಿನ ನಮ್ಮ ಮನೆಯವರು ಯಾರಿಗೂ ಹೇಳದೆ ಮಿಲ್ಲಿನಲ್ಲೇ ಒಂದು ಚೌಕಟ್ಟು ಮಾಡಿಸಿ ಕೈಗಾಡಿಯಲ್ಲಿ ತಂದರು. ಇಳಿಸುವಾಗ ಒಂದು ತುದಿ ನಾನೇ ಹಿಡಿದೆ. ಹಿಡಿದ ಕೂಡಲೇ ತಿಳಿಯಿತು. ತೂಕ ನೀರಿನದು. ವಾಸನೆಯೂ ಹಸಿ ವಾಸನೆಯೇ. ಅದೇ ಮಧ್ಯಾಹ್ನ ಕುಂಭಾರಿಯ ರಸ್ತೆ ಹಿಡಿದು ತಮ್ಮನ ಎತ್ತಿನ ಗಾಡಿ ಬಂತು. ಮೇಲೆ ಗೋಣಿ ಸುತ್ತಿದ ಬೇವಿನ ಚೌಕಟ್ಟು.

"ಏನೋ ಅಳಿಯಾ, ಸೌದಿ ತಂದೀಯೇನ? ಚೊಲೋ ಆತು, ನಾಳೆ ಅಡಗೀಗಿ ಬೇಕಾಗಿತ್ತು" ಎಂದರು ನಮ್ಮ ಮನೆಯವರು. ಜನ ನಕ್ಕರು.

ನಮ್ಮಲ್ಲಿ ಹೆಂಡತಿಯ ತಮ್ಮನನ್ನು ಅಳಿಯ, ಅಕ್ಕನ ಗಂಡನನ್ನು ದಾಜಿ ಎನ್ನುತ್ತಾರೆ. ತಮ್ಮ ಗಾಡಿಯಿಂದ ಇಳಿದು ಮಿಲ್ಲಿನ ಚೌಕಟ್ಟಿನ ಮೇಲೆ ಕೈಯಾಡಿಸಿದ. "ಉರಿಸ್ರಿ ದಾಜಿ, ನಂದು ಉರಿಯರೆ ಉರೀತದ. ನಿಮ್ಮದು ಒಲಿಗಿ ಹಾಕಿದ್ರ ಬರೇ ಹೊಗಿ."

ಈಗ ಇನ್ನೂ ಜೋರಾಗಿ ನಕ್ಕರು. ಚೌಕಟ್ಟಿನ ಜೊತೆ ಬಂದಿದ್ದ, ಅದನ್ನು ಮಾಡಿದ ಮಿಲ್ಲಿನ ಮಿಸ್ತ್ರಿಗೆ ಸಿಟ್ಟು ಬಂತು. ಮೂಲೆ ನೆಟ್ಟಗಿದೆಯೇ ಎಂದು ನೋಡುವ ಗುಣ್ಯಾ ತಮ್ಮನ ಕೈಗೆ ಕೊಟ್ಟು, "ಹಚ್ಚಿ ನೋಡಪಾ. ಕೂದಲೆಳಿ ಫರಕ ಇದ್ರ ಮೀಸಿ ಬೋಳಿಸ್ತೀನಿ" ಎಂದ.

ತಮ್ಮ ನಾಲ್ಕೂ ಮೂಲೆಗೆ ಹಚ್ಚಿ ನೋಡಿದ. "ಖರೆ ಅದ. ಇವತ್ತ ಫರಕ ಇಲ್ಲ" ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕಾ, ನೀ ಕೈ ಹಚ್ಚಿ ಹೇಳು. ಹಸೀದೋ ಒಣಾದೋ? ನೀ ಅಂದದ್ದಕ್ಕ ನಾ ಹೂಂ ಅಂತೀನಿ."

"ಅಕೀನ್ನೇನ ಕೇಳ್ತಿ? ಗರಗಸಾ ಎಳದಾಳಂತ ಪಂಚಾಯ್ತಿ ಮಾಡ್ತಾಳೇನ?" ಎಂದರು ಅತ್ತೆ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. "ನನಗೇನ ತಿಳೀತದ? ಮನಿಯವ್ರು ಮಾಡಿದ್ದು ಬರೋಬ್ಬರಿ ಇದ್ದೀತು."

ಅವನು "ಆತು" ಎಂದ. ಗಾಡಿಯವನಿಗೆ ಚೌಕಟ್ಟು ವಾಪಸು ಒಯ್ಯಲು ಹೇಳಿದ. ತಾನು ಹೋಗಲಿಲ್ಲ, ತವರಿನ ಸೀರೆ ಕೊಡಲು ಅವನೇ ಇರಬೇಕಿತ್ತು. ಮರುದಿನ ಅರಿಷಿಣ ಹಚ್ಚಿ, ಮಾವಿನ ತೊಪ್ಪಲು ಕಟ್ಟಿ, ಕಾಯಿ ಒಡೆದು ಚೌಕಟ್ಟು ಎತ್ತಿದರು. ಎತ್ತುವಾಗ ಒಂದು ಕೈ ಕಡಿಮೆ ಬಿತ್ತು. ತಮ್ಮ ಮುಂದೆ ಬಂದು ಎಡಗಡೆಯ ಕಾಲು ಹಿಡಿದ, ಗೋಡೆ ಕಟ್ಟುವವರು ಗಾರೆ ತುಂಬುವವರೆಗೂ ಅಲುಗದೆ ಹಿಡಿದ. ಚೌಕಟ್ಟು ನಿಲ್ಲಿಸಿದ ಬಡಿಗನಿಗೆ ಮನೆಯವರು ರುಮಾಲು ಸುತ್ತುವುದು ನಮ್ಮ ಪದ್ಧತಿ. ಅದನ್ನು ಮಿಲ್ಲಿನ ಮಿಸ್ತ್ರಿಗೆ ಸುತ್ತಿದರು. ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಬೇವಿನ ಚೌಕಟ್ಟು ಅಕ್ಕಲಕೋಟ ಮುಟ್ಟಲೇ ಇಲ್ಲ. ದಾರಿಯಲ್ಲಿ ಕುಂಭಾರಿಯ ರೈತನೊಬ್ಬ ನೋಡಿ ಮೆಚ್ಚಿ ಬೆಲೆ ಕೊಟ್ಟು ಇಳಿಸಿಕೊಂಡನಂತೆ. ಆ ದಾರಿಯ ಮೋಟಾರು ಬಸ್ಸಿನಲ್ಲಿ ಹೋಗುವಾಗ ರಸ್ತೆಯಿಂದಲೇ ಅವನ ಮನೆಯ ಆ ಚೌಕಟ್ಟು ಕಾಣುತ್ತದೆ. ನಾನು ಆ ಊರು ಬಂದಾಗ ಇನ್ನೊಂದು ಕಡೆ ಮುಖ ಮಾಡಿ ಕೂರುತ್ತಿದ್ದೆ.

ನಮ್ಮ ಚೌಕಟ್ಟಿನ ಮೂಲೆ ದೀಪಾವಳಿಗೆ ಬಾಯಿ ಬಿಟ್ಟಿತು. ಬೇಸಿಗೆಯಲ್ಲಿ ಒಂದು ಕಾಲು ಹಗ್ಗದಂತೆ ತಿರುಚಿತು. ಮಳೆಗಾಲದಲ್ಲಿ ಬಾಗಿಲು ಹಾಕಲು ಹೆಗಲು ಕೊಟ್ಟು ನೂಕಬೇಕಾಯಿತು. ನಮ್ಮ ಮನೆಯವರು ಎರಡು ಸಲ ಬಾಗಿಲಿನ ಅಂಚಿಗೆ ರಂದಾ ಹೊಡೆದು ಹೆರೆದರು. ಇನ್ನೊಂದು ಕಡೆ ಬೆಳಕು ಕಾಣುವಷ್ಟು ಸಂದಿಯಾಯಿತು. ಎರಡನೆಯ ವರ್ಷ ಒಂದು ದಿನ ಅವರು ರಂದಾ ಕೆಳಗಿಟ್ಟು ಕುಳಿತರು.

"ನಾ ಕೊಯ್ದಾಗ ನೆಟ್ಟಗ ಇತ್ತಲ್ಲ" ಎಂದರು. ಆಮೇಲೆ ಕೇಳಿದರು, "ನಿನಗ ಅವತ್ತ ಗೊತ್ತಿತ್ತೇನ?"

"ಹೂಂ."

"ಹೇಳಬೇಕಿತ್ತು."

"ಹೇಳಿದ್ರ ಕೇಳ್ತಿದ್ರೇನು?"

ಸ್ವಲ್ಪ ಯೋಚಿಸಿ, "ಇಲ್ಲ. ಆದ್ರೂ ಹೇಳಬೇಕಿತ್ತು" ಎಂದರು. ಹೋಗಿ ತಮ್ಮನನ್ನು ಕರೆದುಕೊಂಡು ಬಾ ಎಂದು ಅವರೇ ಕಳಿಸಿದರು.

ನಾನು ಮಶೀನನ್ನು ಬಯ್ಯುವವಳಲ್ಲ. ಆರು ವರ್ಷ ಗರಗಸ ಎಳೆದ ಹೆಗಲು ನನ್ನದು. ಆ ಕೆಲಸ ಮಶೀನು ಒಯ್ದರೆ ಒಯ್ಯಲಿ, ಅಳುವುದಿಲ್ಲ. ಬಡಿಗರು ಇಲ್ಲವಾಗುತ್ತಾರೆ ಎನ್ನುವವರು ದಾರಿಯಲ್ಲಿ ಹೋಗುತ್ತಾ ಬಡಿಗನನ್ನು ನೋಡಿದವರು. ಅವರಿಗೆ ಕಾಣುವುದು ಕೊಯ್ಯುವುದು, ಬಡಿಯುವುದು. ಯಾವ ಮರ, ಎಷ್ಟು ದಿನ ಕಾಯಬೇಕು, ಯಾವ ಮಗ್ಗುಲು ಬಿಸಿಲಿಗೆ ತಿರುಗಿಸಬೇಕು, ಸೊಟ್ಟ ಗೋಡೆಗೆ ನೆಟ್ಟಗಿನ ಬಾಗಿಲು ಹೇಗೆ ಒಪ್ಪಿಸಬೇಕು, ಇದು ಅವರಿಗೆ ಕಾಣುವುದಿಲ್ಲ. ಅದನ್ನು ಬಲ್ಲವನಿಗೆ ಕೆಲಸ ತಪ್ಪುವುದಿಲ್ಲ. ಇದನ್ನು ನಾನು ಧೈರ್ಯವಾಗಿ ಹೇಳಬಲ್ಲೆ.

ತಮ್ಮ ಎರಡು ಪಂಚಮಿಗೂ ನನ್ನನ್ನು ಕರೆಯಲು ಬಂದಿರಲಿಲ್ಲ. ನಾನು ಅಕ್ಕಲಕೋಟಕ್ಕೆ ಹೋದಾಗ ಅವನು ಚಪ್ಪರದಲ್ಲಿ ಕೆಲಸ ಮಾಡುತ್ತಿದ್ದ. ಇಬ್ಬರು ರೈತರು ಹೊರಸಿನ ಮೇಲೆ ಕುಳಿತಿದ್ದರು. ಸೊಲ್ಲಾಪುರದಿಂದ ತಂದು, ಚೌಕಟ್ಟಿಗೆ ಕೂಡದೇ ಹೋದ ಬಾಗಿಲೊಂದು ಗೋಡೆಗೆ ಒರಗಿತ್ತು. ಮೂಲೆಯಲ್ಲಿ ಒಟ್ಟಿದ್ದ ಹಲಗೆಗಳ ಮೇಲೆ ಕರೆಂಟಿನ ಗರಗಸ ಬಿಡುವ ಕಮಾನಿನಂಥ ಗೆರೆಗಳು.

"ಇವು ಮಶೀನ ಕೊಯ್ದದ್ದಲ್ಲೇನೋ?" ಎಂದೆ.

"ಹೂಂ, ಸೊಲ್ಲಾಪುರದ್ದು. ಏನ ಮಾಡ್ಲಿ, ಕೆಳಗ ನಿಂತು ಎಳಿಯಾಕಿ ಲಗ್ನಾ ಆಗಿ ಹೋದ್ಲು" ಎಂದು ನಕ್ಕ. "ಕೊಯ್ಯೂದು ಅದಕ್ಕ ಬಿಟ್ಟೀನಿ. ತಂದು ಎರಡು ವರ್ಷ ನೆರಳಿಗಿ ಇಡ್ತೀನಿ. ಆ ಮ್ಯಾಗ ನನ್ನ ಕೆಲಸ."

"ಇಂವನ ಕೈಲೆ ಬಾಗಲಾ ಮಾಡಸಬೇಕಂದ್ರ ಪಾಯಾ ತೋಡೂಕಿಂತ ಮದಲ ಹೇಳಬೇಕ ನೋಡವ್ವಾ" ಎಂದ ಒಬ್ಬ ರೈತ. "ಕನ್ಯಾ ಗೊತ್ತು ಮಾಡಿದಂಗ!"

ನಮ್ಮ ಬಾಗಿಲಿನ ವಿಷಯ ಹೇಳಿದೆ. ಅವನು ಕೈಯಲ್ಲಿದ್ದ ಉಳಿ ಇಡಲಿಲ್ಲ. "ದಾಜಿ ಕಳಿಸ್ಯಾರಲ್ಲ? ಸೋಮಾರ ಬರ್ತೀನಿ. ನೀ ಒಳಗ ಹೋಗಿ ಚಾ ಕುಡಿ."

ಅಷ್ಟೇ. ಚಹಾ ಕುಡಿದು ಸಂಜೆಯ ಮೋಟಾರು ಹಿಡಿಯಬಹುದಿತ್ತು. ಅಷ್ಟರಲ್ಲಿ ಇನ್ನೊಬ್ಬ ರೈತ, "ಯಾಕಪಾ, ಖುದ್ದ ಅಕ್ಕನ ಮನಿ ಬಾಗಲಾ ನೀ ಮಾಡಿದ್ದಲ್ಲೇನ?" ಎಂದು ಕೇಳಿದ.

ತಮ್ಮ ತಲೆ ಎತ್ತಲಿಲ್ಲ. "ಅವಾಗ ನನಗ ಸವಡ ಇದ್ದಿದ್ದಿಲ್ಲ" ಎಂದ.

ನನ್ನ ಮರ್ಯಾದೆ ಉಳಿಸಲು ಅವನು ತನಗೆ ಬಿಡುವಿರಲಿಲ್ಲ ಎಂದು ಸುಳ್ಳು ಹೇಳಿದ್ದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಒಳಗೆ ಹೋಗಲೂ ಆಗಲಿಲ್ಲ. ದೊಡ್ಡವರು ಚಿಕ್ಕವರಲ್ಲಿ ತಪ್ಪಾಯಿತೆನ್ನುವುದು ನಮ್ಮ ಮನೆಯಲ್ಲಿ ಯಾರೂ ಕಂಡದ್ದಲ್ಲ. ಆದರೆ ನಾನು ತಪ್ಪಿದ್ದು ನಾಲ್ಕು ಜನರ ಎದುರಿಗೆ. ಆ ರೈತರಿಬ್ಬರೂ ಕೇಳಲಿ ಎಂದೇ ದನಿ ಎತ್ತಿದೆ.

"ಸವಡ ಇತ್ತು. ಮಾಡಿಕೊಂಡೂ ಬಂದಿದ್ದ. ಮಿಲ್ಲಿನ ಕಟ್ಟಗಿ ಹಸೀದಂತ ನನಗ ಗೊತ್ತಿತ್ತು, ನಾ ಹೇಳಲಿಲ್ಲ. ತಮ್ಮಾ, ನಂದು ತಪ್ಪಾತು."