ಕಿವಿಗೂ ರೋಜಾ

ರಂಜಾನ್ ತಿಂಗಳಲ್ಲಿ ನಮ್ಮ ಸಾಹೇಬರ ಜೊತೆ ವಿಜಯಪುರದಿಂದ ತಿಕೋಟಾಕ್ಕೆ ಹೋಗುವುದೆಂದರೆ ಒಂದೇ ದಿನ ಎರಡು ರೋಜಾ ಹಿಡಿದ ಹಾಗೆ. ದ್ರಾಕ್ಷಿ ತೋಟಗಳಿಗೆ ಔಷಧಿ ಮಾರುವ ಕಂಪನಿ ನಮ್ಮದು. ಕಾರು ಓಡಿಸುವವನು ನಾನು, ಮಾತಾಡುವವರು ಅವರು.

ಅವತ್ತು ಊರು ದಾಟುವ ಮೊದಲೇ ಮಿರ್ಚಿ ಭಜಿ ಪೊಟ್ಟಣ ಬಿಚ್ಚಿ, "ನೀರು ಸೈತ ಕುಡಿಯಂಗಿಲ್ಲೇನು?" ಎಂದರು. ಇದನ್ನು ಪ್ರತಿ ವರ್ಷ ಕೇಳುತ್ತಾರೆ.

"ಇಲ್ರಿ" ಎಂದೆ.

"ಛೇ, ನಿನ್ನ ಮುಂದ ತಿನ್ನೂದು ಛಲೋ ಅಲ್ಲ. ನೀ ರೋಡ್ ಕಡೀನ ನೋಡು" ಎಂದು ಇನ್ನೊಂದು ಕಚ್ಚಿದರು.

ಭಜಿ ಮುಗಿದ ಮೇಲೆ ನಮ್ಮ ಆಫೀಸಿನ ಹೆಣ್ಣುಮಗಳೊಬ್ಬಳ ಸಂಸಾರದ ಸುದ್ದಿ ತೆಗೆದರು. ಆಕೆಯ ಗಂಡ ಯಾಕೆ ಮನೆ ಬಿಟ್ಟ ಎಂಬಲ್ಲಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ.

"ಸರ್, ಇದು ಬ್ಯಾಡ್ರಿ. ರೋಜಾ ಹೊಟ್ಟಿಗಷ್ಟ ಅಲ್ರಿ, ನಾಲಿಗಿಗೂ ಐತಿ, ಕಿವಿಗೂ ಐತಿ. ಚಾಡಿ ಕೇಳಕೋತ ಕುಂತ್ರ ಪುಣ್ಯ ಹೋಗಿ ನನಗ ಬರೇ ಹಸಿವಿ ಉಳೀತೈತ್ರಿ."

"ನಾ ಏನ್ ನಿನಗ ತಿನ್ನಸಾಕತ್ತೇನೇನು? ಮಾತಾಡಾಕತ್ತೇನಿ" ಎಂದವರು ಮುಖ ಗಂಟು ಹಾಕಿಕೊಂಡು, ತಿಕೋಟಾ ಬರುವವರೆಗೆ ಸುಮ್ಮನೆ ಕೂತರು. ಅಷ್ಟು ಸುಖದ ಪ್ರಯಾಣ ನಾನು ಕಂಡಿರಲಿಲ್ಲ.

ಔಷಧಿ ಅಂಗಡಿಯ ಮಾಲೀಕರ ಮುಂದೆ ಮಾತ್ರ ನನ್ನ ಹೆಗಲ ಮೇಲೆ ಕೈಯಿಟ್ಟು, "ಪಾಪ, ಉಪಾಸ ಅದಾನ್ರಿ. ತಲಿ ತಿರುಗಿ ಏನೇನೋ ಮಾತಾಡತಾನ, ಮನಸಿಗೆ ಹಚ್ಕೋಬ್ಯಾಡ್ರಿ" ಎಂದರು.

ಖಾರವಾದ ಮಾತೊಂದು ನನ್ನ ನಾಲಿಗೆ ತುದಿಗೆ ಬಂತು. ಹೊತ್ತು ಮುಳುಗಲು ಇನ್ನೂ ಬಹಳ ಸಮಯವಿದ್ದುದರಿಂದ ಹಾಗೇ ನುಂಗಿಕೊಂಡೆ. ಅಷ್ಟು ನುಂಗಿದರೆ ರೋಜಾ ಮುರಿಯುವುದಿಲ್ಲ ಎಂದು ಯಾವ ಮೌಲ್ವಿಯಾದರೂ ಒಪ್ಪುತ್ತಾನೆ.